ಬಚ್ಚಲುಮನೆಯ ಚಿಗಟ

ಬೇಕರಿಯವನ ಹೆಂಡತಿ ತನ್ನ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡು, "ಇನ್ನು ಸ್ವಲ್ಪ ದಿನ ಮನೇಲೇ ನೀರು ಹಾಕ್ಕೋತೀನಿ ಅಜ್ಜಿ, ಬೇಜಾರು ಮಾಡ್ಕೋಬೇಡಿ" ಎಂದಾಗ ಅತ್ತೆಯ ಕೈಯ ತಂಬಿಗೆ ಅರ್ಧ ದಾರಿಯಲ್ಲೇ ನಿಂತಿತು. ಸೊಸೆ ಒಲೆಗೆ ಸೌದೆ ಒಡ್ಡುತ್ತಿದ್ದವಳು ತಲೆ ಎತ್ತಿ ನೋಡಿದಳು. ಬೇಕರಿಯವಳ ಕಣ್ಣು ನೆಲದ ಮೇಲಿತ್ತು. ಬಾಗಿಲ ಸಂದಿಯಿಂದ ಬಿದ್ದ ಬಿಸಿಲಿನ ಪಟ್ಟಿಯಲ್ಲಿ, ಒದ್ದೆ ಗೋಣಿಯ ಅಂಚಿನಲ್ಲಿ, ಮೆಣಸಿನ ಪುಡಿಯ ಕಣದಷ್ಟು ಸಣ್ಣದೊಂದು ಪಟಕ್ಕನೆ ಹಾರಿ ಕಾಣದಾಯಿತು. ಅದರ ಹಿಂದೆ ಇನ್ನೊಂದು.

"ಮಗು ಕತ್ತಲ್ಲಿ ಕೆಂಪು ಗುಳ್ಳೆ ನೋಡಿ. ತೊಡೆ ಸಂದೀಲೂ ಇದೆ. ಚಿಗಟ ಕಚ್ಚಿರೋದೇ ಅಂತ ನಮ್ಮತ್ತೆ ಹೇಳಿದ್ರು."

"ಅದು ಬೆವರುಸಾಲೆ ಕಣಮ್ಮ. ಈ ಸೆಕೆಗೆ ನೀನು ಹಿಂಗೆ ಸುತ್ತಿ ಸುತ್ತಿ ಇಟ್ರೆ ಇನ್ನೇನಾಗುತ್ತೆ?"

"ಆಗಿರಬಹುದು ಅಜ್ಜಿ. ಆದ್ರೆ ಇಲ್ಲಿ ಹಾರ್ತಿರೋದು ಬೆವರುಸಾಲೆ ಅಲ್ವಲ್ಲ."

ಆಕೆ ಹೋದಮೇಲೆ ಅತ್ತೆ ಮಣೆಯ ಮೇಲೆ ಚಾಚಿದ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳದೆ ಹಾಗೇ ಕೂತಿದ್ದಳು.

ಆ ಕಾಲುಗಳಿಗೆ ಒಂದು ಹೆಸರಿತ್ತು. ಊರಿನ ಅರ್ಧ ಜನ ಅವುಗಳ ಮೇಲೆ ಮಲಗಿ, ಬಿಸಿನೀರು ಹೊಯ್ಯಿಸಿಕೊಂಡು, ಗಂಟಲು ಹರಿಯುವಂತೆ ಅತ್ತವರೇ. ಎಳೆಗೂಸಿಗೆ ನೀರು ಹಾಕುವುದೆಂದರೆ ಹೊಸ ತಾಯಂದಿರಿಗೆ ಕೈ ನಡುಕ. ಕಿವಿಗೆ ಹೋದೀತು, ಮೂಗಿಗೆ ಹೋದೀತು, ಜಾರಿ ಬಿದ್ದೀತು. ಅವರೆಲ್ಲ ಬೆಳಗಾಗುತ್ತಲೇ ಕೂಸನ್ನೆತ್ತಿಕೊಂಡು ಬರುವುದು ಈ ಮನೆಗೆ. ಊರಿಗೆಲ್ಲ ಅತ್ತೆ 'ನೀರಜ್ಜಿ'. ಪೊದೆ ಮೀಸೆಯ ಪೊಲೀಸಿನವನು ಕೂಡ ಆಕೆ ಎದುರಿಗೆ ಬಂದರೆ ರಸ್ತೆಯ ಆ ಬದಿಗೆ ಸರಿಯುತ್ತಿದ್ದ, ಒಮ್ಮೆ ಸಂತೆಯಲ್ಲಿ ಅವನು ಜೋರು ಮಾಡಿದಾಗ, "ನಿನ್ನ ಕುಂಡೆ ಮೇಲಿನ ಮಚ್ಚೆ ಇನ್ನೂ ಇದೆಯೇನಪ್ಪ?" ಎಂದು ಎಲ್ಲರೆದುರು ಕೇಳಿದ್ದಳಂತೆ.

ಆಕೆಯ ಹೆಮ್ಮೆಯೆಲ್ಲ ಬಚ್ಚಲುಮನೆಯಲ್ಲಿತ್ತು. ಹಂಡೆ ಒಲೆ ಒಂದು ಮೂಲೆಗೆ, ಎತ್ತರದಲ್ಲಿ ಅಂಗೈಯಗಲದ ಕಿಟಕಿ, ಕಲ್ಲು ಹಾಸಿದ ನೆಲ. ಎಣ್ಣೆ ಬಿದ್ದ ಕಲ್ಲಿನ ಮೇಲೆ ಕಾಲು ಜಾರಬಾರದೆಂದು ಗೋಣಿಚೀಲದ ಮೇಲೆ ಗೋಣಿಚೀಲ ಹೊಲಿದು ದಪ್ಪಗೆ ಹಾಸಿದ್ದಳು. ಒಂದು ಕೂಸು ಎದ್ದರೆ ಇನ್ನೊಂದು ಕೂಸು ಬರುವುದರೊಳಗೆ ನೆಲಕ್ಕೂ ಗೋಣಿಗೂ ಸೇರಿಸಿ ಕೊಡಗಟ್ಟಲೆ ನೀರು ಸುರಿದು ಉಜ್ಜುವುದು ಆಕೆಯ ಪದ್ಧತಿ. "ನಮ್ಮನೆ ಬಚ್ಚಲ ನೆಲದ ಮೇಲೆ ಅನ್ನ ಹಾಕ್ಕೊಂಡು ಉಣ್ಣಬಹುದು" ಎನ್ನುತ್ತಿದ್ದಳು. ಯಾರೂ ಉಂಡು ನೋಡಿರಲಿಲ್ಲ, ಆದರೆ ಯಾರೂ ಆಗದೆಂದೂ ಅಂದಿರಲಿಲ್ಲ.

ಬೇಕರಿಯವಳು ಹೋದ ಮೇಲೆ ಮಾತು ಊರಲ್ಲಿ ಹರಡಲು ಹೊತ್ತೇನೂ ಬೇಕಾಗಲಿಲ್ಲ. ಬ್ರೆಡ್ಡು ಕೊಳ್ಳಲು ಹೋದವರೆಲ್ಲ ಚಿಗಟದ ಸುದ್ದಿಯನ್ನೂ ಕಟ್ಟಿಸಿಕೊಂಡು ಬಂದರು. ಮರುದಿನ ದರ್ಜಿಯ ಮಗಳು ಕೂಸಿಗೆ ನೆಗಡಿಯೆಂದಳು. ಇನ್ನೊಬ್ಬಳು ಏನೂ ಅನ್ನದೆ ಬರುವುದನ್ನೇ ಬಿಟ್ಟಳು.

ಅಂದೇ ಅತ್ತೆಯ ಬೆರಳು ನಾಯಿಯ ಕಡೆ ತಿರುಗಿತು.

ನಾಯಿಯ ಹೆಸರು ದೊರೆ. ಹೆಸರಿಗೆ ತಕ್ಕಂತೆ ಒಂದು ಕೆಲಸವನ್ನೂ ಮಾಡುತ್ತಿರಲಿಲ್ಲ. ಒಂದು ಕಿವಿ ಹರಿದಿತ್ತು, ಮೂತಿಯ ಕೂದಲು ನರೆತಿತ್ತು. ಸೊಸೆ ಮದುವೆಯಾಗಿ ಬಂದ ಮೇಲೆ, ತವರಿನಿಂದ ವಾಸನೆ ಹಿಡಿದುಕೊಂಡು ಹೊಲ, ಹಳ್ಳ ದಾಟಿ ತಾನೇ ನಡೆದು ಬಂದು, ಜಗಲಿಯ ಕೆಳಗೆ ಮಲಗಿದ ನಾಯಿ ಅದು. ಆಗ ಅತ್ತೆಯೇ, "ಬಂದೋನಿಗೆ ಮೊದ್ಲು ನೀರಿಡೇ" ಎಂದಿದ್ದಳು. ಆಮೇಲೆ ಸೊಸೆಯ ಅಪ್ಪ ತೀರಿಕೊಂಡರು. ಅಣ್ಣ ಮನೆ ಮಾರಿ ಹೆಂಡತಿಯ ಊರಿಗೆ ಹೋದ. ಈಗ ತವರೆಂದರೆ ಅವಳ ಪಾಲಿಗೆ ಜಗಲಿಯ ಕೆಳಗೆ ಮಲಗಿ ನಿದ್ದೆಯಲ್ಲೇ ಕಾಲು ಕೊಡವುವ ಈ ಮುದಿ ನಾಯಿ ಮಾತ್ರ. ಅದನ್ನು ಅವಳು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿಕೊಳ್ಳುವಂಥ ಮಾತೂ ಅಲ್ಲ ಅದು.

"ನಾಯಿ ಮೈಯಲ್ಲದೆ ಚಿಗಟ ಆಕಾಶದಿಂದ ಉದುರುತ್ತಾ?" ಅತ್ತೆ ಸೊಪ್ಪು ಬಿಡಿಸುತ್ತ ಅಂದಳು. ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. "ನಂಗೇನು ಅದರ ಮೇಲೆ ಹಗೆಯೇ? ಸಂತೆ ದಿನ ನಿನ್ನ ಮೈದುನ ಗಾಡಿ ತರ್ತಾನೆ. ಇಟ್ಟಿಗೆ ಭಟ್ಟಿ ಕಾವಲುಗಾರನಿಗೆ ನಾಯಿ ಬೇಕಂತೆ. ಅಲ್ಲಿ ಬಿಟ್ಟು ಬರಲಿ."

"ಅತ್ತೆ, ಅವನಿಗೆ ವಯಸ್ಸಾಗಿದೆ. ಅಲ್ಲಿ ಕಟ್ಟಿಹಾಕ್ತಾರೆ."

"ನಂಗೂ ವಯಸ್ಸಾಗಿದೆ ಕಣೇ. ಕೂಸುಗಳು ಬರದಿದ್ರೆ ನನ್ನನ್ನ ಎಲ್ಲಿ ಕಟ್ಟಿಹಾಕ್ತೀಯ?"

ಸೊಸೆ ಗಂಡನಿಗೆ ಹೇಳಿ ನೋಡಿದಳು. ಅವನು ಅಕ್ಕಿ ಗಿರಣಿಯಿಂದ ಬಂದು, ರೆಪ್ಪೆಯ ಮೇಲೂ ತೌಡು ಮೆತ್ತಿಕೊಂಡು, ಊಟಕ್ಕೆ ಕೂತಿದ್ದ. "ಅಮ್ಮ ಹೇಳೋದ್ರಲ್ಲೂ ಅರ್ಥ ಇದೆ, ನೀನು ಹೇಳೋದ್ರಲ್ಲೂ ಅರ್ಥ ಇದೆ."

"ನಾಯಿ ಹೇಳೋದ್ರಲ್ಲಿ?"

ಅವನು ತಟ್ಟೆ ನೋಡಿಕೊಂಡು ನಕ್ಕ. ಇಬ್ಬರು ಹೆಂಗಸರ ನಡುವೆ ಬಿದ್ದ ಗಂಡಸಿಗೆ ತಟ್ಟೆಯಷ್ಟು ಆಸಕ್ತಿಯ ವಸ್ತು ಇನ್ನೊಂದಿರುವುದಿಲ್ಲ.

ಸೊಸೆ ತನಗೆ ತೋಚಿದ್ದನ್ನು ಮಾಡಿದಳು. ದಿನವೂ ದೊರೆಯನ್ನು ಬಚ್ಚಲುಮನೆಗೆ ಎಳೆದುತಂದು, ಸೋಪು ಹಚ್ಚಿ, ಹಂಡೆಯ ನೀರು ಖಾಲಿಯಾಗುವತನಕ ತೊಳೆದಳು. ಅದು ಕೊಡವಿಕೊಂಡಾಗ ಗೋಡೆಯೂ ತೊಯ್ದಿತು, ಅವಳೂ ತೊಯ್ದಳು. ಅದರ ಹಿಂದೆಯೇ ಅತ್ತೆ ಬಂದು ಫಿನಾಯಿಲ್ ಹಾಕಿ ಇನ್ನಷ್ಟು ನೀರು ಸುರಿದಳು. ಇಬ್ಬರೂ ಹಟ ಹಿಡಿದವರಂತೆ ತೊಳೆದರು. ಆದರೆ ಹಾರುವವು ಕಡಿಮೆಯಾಗಲಿಲ್ಲ. ಮೊದಲು ಬಾಗಿಲ ಬಳಿ ಮಾತ್ರ ಇದ್ದವು ಈಗ ಕಿಟಕಿಯ ಕೆಳಗೂ ಕಾಣಿಸಿದವು. ಬಕೆಟ್ಟಿನಲ್ಲಿ ಉಳಿದ ನೀರಿನ ಮೇಲೆ ಬೂದಿ ಉದುರಿಸಿದ ಹಾಗೆ ತೇಲುತ್ತಿದ್ದವು. ಮುಳುಗುತ್ತಲೂ ಇರಲಿಲ್ಲ, ಬೆರಳು ಹತ್ತಿರ ತಂದರೆ ನೀರಿನ ಮೇಲಿಂದಲೇ ಚಿಮ್ಮುತ್ತಿದ್ದವು.

ಅದನ್ನು ನೋಡಿ ಸೊಸೆಗೆ ಮೊದಲ ಸಲ ಸಂಶಯ ಬಂತು.

ಅವಳು ಹಳ್ಳಿಯಲ್ಲಿ, ನಾಯಿ ಕೋಳಿಗಳ ನಡುವೆ ಬೆಳೆದವಳು. ಚಿಗಟ ಅವಳಿಗೆ ಹೊಸದಲ್ಲ. ಅಪ್ಪ ಜಗಲಿಯ ಮೇಲೆ ಕೂತು ನಾಯಿಯ ಹೊಟ್ಟೆಯ ಕೂದಲು ಬಿಡಿಸಿ, ಚಿಗಟ ಹಿಡಿದು, ಎರಡು ಹೆಬ್ಬೆರಳಿನ ಉಗುರಿನ ನಡುವೆ ಇಟ್ಟು ಒತ್ತುತ್ತಿದ್ದರು. ಬರೀ ಬೆರಳಿನಿಂದ ಒತ್ತಿದರೆ ಅದಕ್ಕೆ ಲೆಕ್ಕವೇ ಇಲ್ಲ, ಎದ್ದು ಹಾರಿಬಿಡುವುದು. ಉಗುರಿಗೆ ಸಿಕ್ಕರೆ ಚಟ್ ಎಂದು ಸದ್ದು ಬರುವುದು. ಈಗ ಅವಳು ಬಚ್ಚಲ ಗೋಡೆಯ ಮೇಲಿದ್ದ ಒಂದರ ಮೇಲೆ ಮೆಲ್ಲಗೆ ಬೆರಳಿಟ್ಟಳು. ಸದ್ದಿಲ್ಲ, ಗದ್ದಲವಿಲ್ಲ. ಬೆರಳೆತ್ತಿದರೆ ಪೆನ್ಸಿಲಿನ ಗೆರೆ ಒರೆಸಿದಂತೆ ಒಂದು ಬೂದು ಗುರುತು, ಅಷ್ಟೆ. ಇನ್ನೊಂದನ್ನು ಒತ್ತಿದಳು. ಅದೂ ಹಾಗೆಯೇ.

ಅಂಗಳದಲ್ಲಿ ಬಿಳಿ ಪಂಚೆ ಹಾಸಿ, ದೊರೆಯನ್ನು ಮೇಲೆ ನಿಲ್ಲಿಸಿ, ಹೇನು ಬಾಚುವ ಸಣಿಗೆಯಿಂದ ಬೆನ್ನು, ಹೊಟ್ಟೆ, ಬಾಲದ ಬುಡವೆಲ್ಲ ಬಾಚಿದಳು. ಕೂದಲು ಬಿತ್ತು, ಒಣಗಿದ ಹುಲ್ಲು ಬಿತ್ತು, ಎಂದೋ ಅಂಟಿದ ಗೋಂದಿನ ಉಂಡೆಯೊಂದು ಬಿತ್ತು. ಹಾರುವಂಥದ್ದು ಒಂದೂ ಬೀಳಲಿಲ್ಲ. ಯೋಚಿಸಿದರೆ ಅದು ಮೈ ಕೆರೆದುಕೊಂಡದ್ದನ್ನೂ ಅವಳು ಈಚೆಗೆ ನೋಡಿರಲಿಲ್ಲ. ಹೊಸದಾಗಿ ಶುರುವಾದ ಸ್ನಾನದ ಕಾಟಕ್ಕೆ ಮುಖ ಗಂಟಿಕ್ಕಿದ್ದು ಬಿಟ್ಟರೆ ಬೇರೆ ದೂರು ಅದಕ್ಕಿರಲಿಲ್ಲ.

ಆಮೇಲೆ ಅವಳು ಎರಡು ಬಿಳಿ ದಿಂಬಿನ ಚೀಲಗಳನ್ನು ಕಾಲಿಗೆ ಹಾಕಿ, ಮೊಣಕಾಲ ಕೆಳಗೆ ದಾರ ಕಟ್ಟಿಕೊಂಡು, ಬಚ್ಚಲುಮನೆಯ ನಡುವೆ ಹೋಗಿ ನಿಂತಳು. ಅತ್ತೆ ಬಾಗಿಲಲ್ಲಿ ಕಾಣಿಸಿಕೊಂಡದ್ದು ಆಗಲೇ.

"ಏನೇ ಇದು, ಯಾವ ಸರ್ಕಸ್ಸಿನ ವೇಷ?"

"ಚಿಗಟ ಆದ್ರೆ ಬಿಸಿ ಮೈಗೆ ಬಂದು ಹತ್ತಬೇಕಲ್ಲ ಅತ್ತೆ. ಬಿಳಿ ಬಟ್ಟೆ ಮೇಲೆ ಕಾಣುತ್ತೆ. ಹತ್ತುತ್ತಾ ನೋಡ್ತಿದ್ದೀನಿ."

"ಹತ್ತಿದ್ರೆ ಕೂರಿಸಿ ಕಾಫಿ ಕೊಡು" ಎಂದು ಅತ್ತೆ ಹೊರಟುಹೋದಳು. ಆದರೆ ಹೋಗುವಾಗ ಒಮ್ಮೆ ತಿರುಗಿ ಆ ಬಿಳಿ ಕಾಲುಗಳನ್ನು ನೋಡಿದ್ದನ್ನು ಸೊಸೆ ಕಂಡಳು.

ಒಂದೂ ಹತ್ತಲಿಲ್ಲ. ಅವು ಅವಳ ಕಾಲಿನ ಸುತ್ತ ದಿಕ್ಕು ದೆಸೆಯಿಲ್ಲದೆ ಚಿಮ್ಮಿದವು, ಬಿದ್ದವು, ಮತ್ತೆ ಗೋಣಿಯ ಅಡಿಗೆ ನುಸುಳಿದವು. ಮನುಷ್ಯರ ಕಾಲೊಂದು ಅಲ್ಲಿದೆಯೆಂಬ ಗೊಡವೆಯೇ ಅವಕ್ಕಿದ್ದಂತೆ ಕಾಣಲಿಲ್ಲ.

ಔಷಧಿಯ ಖಾಲಿ ಬಾಟಲಿಯಲ್ಲಿ ಒದ್ದೆ ಹತ್ತಿಯ ಚೂರಿಟ್ಟು, ಕೆಲವನ್ನು ಅದರೊಳಕ್ಕೆ ತಟ್ಟಿಕೊಂಡು, ಅವಳು ಊರೆಲ್ಲ 'ಮಾವ' ಎನ್ನುವ ಗಡಿಯಾರ ರಿಪೇರಿಯವನ ಅಂಗಡಿಗೆ ನಡೆದಳು. ಊರಿನಲ್ಲಿ ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಗಾಜು ಇದ್ದದ್ದು ಅವನ ಕಣ್ಣಿನಲ್ಲಿ ಮಾತ್ರ. ಆ ಕರಿಯ ನಳಿಗೆಯನ್ನು ಹುಬ್ಬಿನಡಿ ಸಿಕ್ಕಿಸಿಕೊಂಡೇ ಅವನು ಟೀ ಕುಡಿಯುತ್ತಿದ್ದ, ಜಗಳವಾಡುತ್ತಿದ್ದ.

"ಏನಮ್ಮ, ನೀರಜ್ಜಿ ಸೊಸೆ? ಗಡಿಯಾರಾನ ಬಾಟ್ಲಲ್ಲಿ ತಂದಿದ್ದೀಯ?"

"ಮಾವ, ಇದು ಚಿಗಟ ಹೌದೋ ಅಲ್ವೋ ಸ್ವಲ್ಪ ನೋಡಿ ಹೇಳಿ."

"ಚಿಗಟ!" ಅವನು ಸ್ಟೂಲು ಹಿಂದಕ್ಕೆ ಸರಿಸಿದ. "ಮುಚ್ಚಳ ತೆಗೀಬೇಡ ಮಾರಾಯ್ತಿ. ಬಿಡಿಭಾಗದ ಡಬ್ಬಿಗೆ ಹಾರಿದ್ರೆ ನಾನು ಅದನ್ನೇ ಯಾರ ವಾಚಿಗೋ ಹಾಕಿ ಕೊಟ್ಬಿಡ್ತೀನಿ."

ಆದರೂ ಕುತೂಹಲ ತಡೆಯಲಿಲ್ಲ. ಒಂದನ್ನು ಒದ್ದೆ ಬ್ರಷ್ಷಿನ ತುದಿಯಲ್ಲಿ ಎತ್ತಿ ಬಿಳಿ ಹಾಳೆಯ ಮೇಲಿಟ್ಟು, ಕಣ್ಣು ಹತ್ತಿರ ತಂದು ಬಗ್ಗಿದ.

"ಚಿಗಟ ನಾನು ನೋಡಿದ್ದೀನಿ. ನಮ್ಮ ಬೆಕ್ಕಿನ ಮೈಯಿಂದ ತೆಗೆದು ಈ ಗಾಜಲ್ಲೇ ನೋಡಿದ್ದೆ. ಅದು ಎರಡು ಪಕ್ಕದಿಂದ ಹಿಚುಕಿದ ಹಾಗೆ ಚಪ್ಪಟೆ ಇರುತ್ತೆ, ಕೆಂಪು ಮಿಶ್ರ ಕಂದು, ಗಟ್ಟಿ ಚಿಪ್ಪು. ಹಾರೋದು ಹಿಂಗಾಲಿಂದ. ಇದಕ್ಕೆ ನೋಡು, ಹಿಂಗಾಲು ಮುಂಗಾಲು ಎಲ್ಲ ಒಂದೇ ಸಮ. ಮೈ ಮೆತ್ತಗೆ, ಉದ್ದಕ್ಕೆ. ಮೀಸೆ ಬೇರೆ ಇದೆ." ಅವನ ದನಿ ಇದ್ದಕ್ಕಿದ್ದಂತೆ ಏರಿತು. "ಅರೆ! ಹೊಟ್ಟೆ ಕೆಳಗೆ ನೋಡು ಬಾ ಇಲ್ಲಿ. ಕವಲು ಕಡ್ಡಿ ಹಂಗಿರೋದನ್ನ ಮಡಚಿ ಸಿಕ್ಕಿಸಿಕೊಂಡಿದೆ. ಕೊಕ್ಕೆ ಬಿಟ್ಟರೆ ನೆಲಕ್ಕೆ ಫಟ್ ಅಂತ ಹೊಡೆದು ಮೇಲಕ್ಕೆಸೆಯುತ್ತೆ. ಇದು ಸ್ಪ್ರಿಂಗು ಕಣಮ್ಮ! ಜೀವಮಾನವೆಲ್ಲ ಸ್ಪ್ರಿಂಗು ನೋಡಿದೋನು ನಾನು, ಬಾಲದಲ್ಲಿ ಕಟ್ಟಿಕೊಂಡು ಓಡಾಡೋನನ್ನ ಇವತ್ತೇ ನೋಡಿದ್ದು."

ಅವಳೂ ನೋಡಿದಳು. ಗಾಜಿನಡಿ ಅದು ಮಂಜಿನಲ್ಲಿ ನಿಂತ ಸಣ್ಣ ದನದಂತೆ ಕಂಡಿತು. ಬೂದು ಮೈ, ಮೊಂಡು ಮೂತಿ, ಏನೂ ಅರಿಯದ ನಿಲುವು. ಅವಳು ಉಸಿರು ಬಿಟ್ಟದ್ದೇ ತಡ, ಇಲ್ಲವಾಯಿತು.

"ಕಚ್ಚುತ್ತಾ ಮಾವ?"

"ಕಚ್ಚೋ ಬಾಯಿ ನಂಗೆ ಕಾಣಲಿಲ್ಲ. ಹೆಸರು ಗೊತ್ತಿಲ್ಲ. ಆದ್ರೆ ಹಾರೋದು ನೋಡಿದ್ರೆ ಹಳೇ ಪರಿಚಯದೋರ ಹಾಗಿದೆ. ನನ್ನ ಕುಡಿಯೋ ನೀರಿನ ಮಡಕೆ ಒದ್ದೆ ಮರಳಿನ ಮೇಲಿರ್ತಿತ್ತು. ಆ ಮರಳಿನ ತುಂಬ ಇವೇ. ನಮ್ಮನೆಯವಳು ತಪ್ಪನ್ನ ಬೆಕ್ಕಿನ ಮೇಲೆ ಹಾಕಿದ್ಲು. ಮಡಕೆ ಒಡೀತು, ಮರಳು ಒಣಗ್ತು, ಇವೂ ಹೋದ್ವು. ಬೆಕ್ಕು ಇನ್ನೂ ಅಲ್ಲೇ ಇದೆ. ಇವಕ್ಕೆ ರಕ್ತ ಬೇಡಮ್ಮ, ತೇವ ಬೇಕು. ಒದ್ದೇಲಿ ಕೊಳೀತಿರೋದು ಏನಾದ್ರೂ ಇದ್ರೆ ಅದೇ ಅವರ ಊಟ."

ಅಂಗಡಿಯಿಂದ ಇಳಿದಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದೊರೆಯ ತಪ್ಪಲ್ಲ! ಇದನ್ನು ಓಡಿಹೋಗಿ ಹೇಳಿಬಿಟ್ಟರೆ ಮುಗಿಯಿತು. ಆದರೆ ಬೇಕರಿಯ ತಿರುವು ದಾಟುತ್ತಿದ್ದಂತೆ ನಡಿಗೆ ತಾನಾಗಿ ನಿಧಾನವಾಯಿತು. ನಾಯಿಯ ತಪ್ಪಲ್ಲ ಎಂದರೆ ಮುಂದಿನ ಮಾತು ಏನು? ತೇವದ ತಪ್ಪು. ತೇವ ಯಾರದು? ಬಿಸಿಲು ಕಾಣದ ಆ ಬಚ್ಚಲಲ್ಲಿ ಪದರ ಪದರ ಗೋಣಿ ಹಾಸಿ, ಅದು ಒಣಗಲು ಒಂದು ಗಳಿಗೆಯೂ ಬಿಡದೆ ನೀರು ಸುರಿದವರು ಯಾರು? ಕೂಸುಗಳಿಗೆ ಕೊಳೆ ತಾಗಬಾರದೆಂದು ಬೆನ್ನು ಮುರಿಯುವಂತೆ ಉಜ್ಜಿದ ಮುದುಕಿಯ ಎದುರು ನಿಂತು, ನಿಮ್ಮ ಶುದ್ಧವೇ ಇದನ್ನು ಸಾಕಿತು ಎಂದು ಹೇಳುವುದು ಹೇಗೆ? ನಾಯಿ ಉಳಿಯಬೇಕಾದರೆ ಅತ್ತೆಯ ತಲೆ ತಗ್ಗಬೇಕು. ಆ ತಲೆ ತಗ್ಗಿದ್ದನ್ನು ಅವಳು ಅತ್ತೆಯ ಗಂಡ ಸತ್ತ ದಿನವೂ ನೋಡಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಮೊಣಕಾಲೂರಿ ಬಚ್ಚಲ ಮೂಲೆ ಉಜ್ಜುತ್ತಿದ್ದಳು. ಯಾವ ಕೂಸೂ ಬಂದಿರಲಿಲ್ಲ. "ಎಲ್ಲೋಗಿದ್ದೆ?" ಎಂದು ಕೇಳಿದಳು. ಸೊಸೆ, "ಇಲ್ಲೇ" ಎಂದಳು. ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಮರುದಿನವೇ ಸಂತೆ. ಬೆಳಿಗ್ಗೆ ಎದ್ದವಳೇ ದೊರೆಗೆ ಹಾಲು ಅನ್ನ ಕಲಸಿ ಇಟ್ಟಳು. ಅದು ಉಣ್ಣುವುದನ್ನು ನೋಡುತ್ತ ಕೂತಳು. ಎದ್ದು ಬಚ್ಚಲಿಗೆ ಹೋಗಿ, ಗೋಣಿಯ ಒಂದು ತುದಿ ಹಿಡಿದು ಎಳೆದಳು. ನೀರು ಕುಡಿದ ಗೋಣಿ ಹೆಣದಷ್ಟು ಭಾರ, ಅಲುಗಲಿಲ್ಲ.

"ಅತ್ತೆ, ಸ್ವಲ್ಪ ಆ ಕಡೆ ಹಿಡ್ಕೊಳ್ಳಿ. ಒಬ್ಬಳ ಕೈಲಾಗ್ತಿಲ್ಲ."

"ಅದನ್ಯಾಕೆ ಎತ್ತುತ್ತೀಯ? ನಿನ್ನೆ ತಾನೆ ಅದರ ಮೇಲೆಲ್ಲ ಉಜ್ಜಿದ್ದೀನಿ."

"ಹಿಡ್ಕೊಳ್ಳಿ ಅತ್ತೆ."

ದನಿಯಲ್ಲೇನಿತ್ತೋ, ಅತ್ತೆ ಬಂದು ಹಿಡಿದಳು. ಇಬ್ಬರೂ ಸೇರಿ ಎತ್ತಿ ಮಡಚಿ ಹಿಡಿದರು. ಗೋಣಿಯ ಅಡಿ ಕಪ್ಪಗೆ, ಲೋಳೆಯಾಗಿ, ಕೈಗೆ ನಾರು ನಾರಾಗಿ ಬರುತ್ತಿತ್ತು. ಕಲ್ಲಿನ ಮೇಲೆ ಬೂದು ಪುಡಿಯ ರಾಶಿ. ಬೆಳಕು ತಾಗಿದ ಮರುಗಳಿಗೆ ಆ ರಾಶಿಗೆ ಜೀವ ಬಂತು. ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ನೆಲವಿಡೀ ಚಿಮ್ಮಿತು.

ಅತ್ತೆ ಕೈಬಿಡಲಿಲ್ಲ. ಗೋಣಿಯ ತುದಿ ಹಿಡಿದೇ ನಿಂತಿದ್ದಳು.

"ದಿನಾ ತೊಳೀತೀನಲ್ಲೇ ಇದನ್ನ."

"ತೊಳೆದಿದ್ದಕ್ಕೇ ಅತ್ತೆ."

ಬಾಯಿಂದ ಜಾರಿಹೋಯಿತು. ಇನ್ನು ನುಂಗುವ ಹಾಗಿರಲಿಲ್ಲ. ಸೊಸೆ ಕಣ್ಣು ಕೆಳಗೆ ಹಾಕಿ, ಗಡಿಯಾರದ ಮಾವ ತೋರಿಸಿದ್ದು, ಮಡಕೆಯ ಮರಳು, ಬಾಲದ ಸ್ಪ್ರಿಂಗು ಎಲ್ಲವನ್ನೂ ತಡವರಿಸಿ ಹೇಳಿದಳು. "ಇವು ಕಚ್ಚಲ್ಲ. ಮಗೂಗಾಗಿದ್ದು ನೀವು ಹೇಳಿದ ಹಾಗೆ ಬೆವರುಸಾಲೆಯೇ ಇರಬೇಕು. ಒದ್ದೆ ಒಣಗಿದ್ರೆ ತಾವೇ ಹೋಗ್ತಾವೆ. ನಾನೂ ದಿನಾ ದೊರೆಗೆ ಇಲ್ಲೇ ನೀರು ಹಾಕಿ ಹಾಕಿ ಇನ್ನಷ್ಟು ಒದ್ದೆ ಮಾಡ್ದೆ. ನನ್ನದೂ ತಪ್ಪಿದೆ."

"ಸುಮ್ನಿರು. ನನ್ನ ತಪ್ಪಿನಲ್ಲಿ ಪಾಲು ಕೇಳಬೇಡ."

ಅತ್ತೆಯ ಮುಖದಲ್ಲಿ ಸಿಟ್ಟಿದೆಯೋ ಅಳುವಿದೆಯೋ ತಿಳಿಯಲಿಲ್ಲ. ಆಗಲೇ ಹೊರಗೆ ಗೂಡ್ಸ್ ಆಟೋದ ಹಾರನ್ನು ಕೇಳಿಸಿತು. ಮೈದುನ ಕೈಯಲ್ಲಿ ಹಗ್ಗ ಹಿಡಿದು ಒಳಗೆ ಬಂದ. "ಎಲ್ಲಿ ಅಮ್ಮ ನಿಮ್ಮ ದೊರೆಗಳು? ಸವಾರಿ ಹೊರಡಲಿ. ಸಂತೆಗೆ ಹೊತ್ತಾಯ್ತು."

ಗೋಣಿಯನ್ನು ಹಾಗೇ ಕೆಳಗಿಳಿಸಿಬಿಟ್ಟರೆ ಸಾಕಿತ್ತು. ಅದರಡಿ ಏನಿದೆಯೆಂದು ಕಂಡವರು ಅವರಿಬ್ಬರೇ. ನಾಯಿ ಹೋಗುತ್ತಿತ್ತು, ಚಿಗಟವೂ ನಾಯಿಯ ಹಿಂದೆ ಹೋಯಿತೆಂದು ಊರಿಗೆ ಹೇಳಬಹುದಿತ್ತು, ಗೋಣಿ ಒಣಗಿಸಿಬಿಟ್ಟರೆ ಆ ಮಾತೇ ನಿಜವಾಗುತ್ತಿತ್ತು. ಇದೆಲ್ಲ ತನಗೆ ಹೊಳೆದಂತೆ ಅತ್ತೆಗೂ ಹೊಳೆದಿದೆಯೆಂದು ಸೊಸೆಗೆ ಗೊತ್ತಾಯಿತು. ಅತ್ತೆ ಅವಳನ್ನೊಮ್ಮೆ ನೋಡಿದಳು, ನೆಲದ ಮೇಲೆ ಚಿಮ್ಮುತ್ತಿದ್ದವನ್ನೊಮ್ಮೆ ನೋಡಿದಳು.

"ಹಗ್ಗ ಅಲ್ಲಿಡೋ" ಎಂದಳು ಮಗನಿಗೆ. "ಇಲ್ಲಿ ಬಂದು ಈ ಗೋಣಿ ಹಿಡಿ. ಹೊರಗೆ ಬಿಸಿಲಿಗೆ ಎಳಿ."

"ಅಯ್ಯೋ, ನಾಯಿ?"

"ನಾಯಿಗೇನಾಗಿದೆ? ಉಂಡು ಮಲಗಿದೆ. ಚಿಗಟ ಇಲ್ಲ, ಗಿಗಟ ಇಲ್ಲ. ನಿಮ್ಮಮ್ಮ ಕೂಡಿ ಹಾಕಿಕೊಂಡಿರೋ ಒದ್ದೆ ಹುಳ ಇದು. ಕಣ್ಣು ಬಿಟ್ಟು ನೋಡು."

ಅವನು ನೋಡಿ ಮೂಗು ಮುಚ್ಚಿಕೊಂಡ. ಆದರೂ ಎಳೆದ. ಕಲ್ಲು ಬರಿದಾಯಿತು. ಆಮೇಲೆ ಅತ್ತೆ ಕೈ ತೊಳೆದು, ಸೀರೆ ಬದಲಿಸಿ, ಚಪ್ಪಲಿ ಮೆಟ್ಟಿ, "ನಡಿಯೇ" ಎಂದು ಸೊಸೆಯನ್ನು ಕರೆದುಕೊಂಡು ನೇರ ಬೇಕರಿಗೆ ಹೋದಳು. ಸಂತೆಯ ದಿನ, ಅಂಗಡಿಯ ಮುಂದೆ ಜನವೋ ಜನ. ಒಳಗೆ ಕರೆದು ಗುಟ್ಟಾಗಿ ಹೇಳುತ್ತಾಳೆಂದು ಸೊಸೆ ಅಂದುಕೊಂಡಿದ್ದಳು. ಅತ್ತೆ ಹಾಗೆ ಮಾಡಲಿಲ್ಲ. ಬನ್ನು ಕೊಳ್ಳುವವರ ನಡುವೆಯೇ ನಿಂತು ಹೇಳಿದಳು.

"ನೋಡಮ್ಮ, ನಿನ್ನ ಕಣ್ಣು ಸರಿಯಾಗಿತ್ತು, ಹಾರ್ತಿದ್ದಿದ್ದು ನಿಜ. ಚಿಗಟ ಅಲ್ಲ ಅದು, ಕಚ್ಚೋದಿಲ್ಲ. ನನ್ನ ಗೋಣಿ ಅಡೀಲಿ ಒದ್ದೆ ಕೊಳೆತು ಹುಟ್ಟಿದ್ದು. ನಾಯಿದಲ್ಲ, ನಂದು. ಗೋಣಿ ತೆಗೆದು ಹಾಕಿದ್ದೀನಿ. ಇನ್ಮೇಲೆ ಹಾಸೋದು ಒಣ ಚಾಪೆ. ಬರೋದು ಬಿಡೋದು ನಿನ್ನಿಷ್ಟ. ಮಗೂಗೆ ಮಾತ್ರ ಸ್ವಲ್ಪ ಗಾಳಿ ಆಡೋಕೆ ಬಿಡು."

ಬೇಕರಿಯವನ ಹೆಂಡತಿ ಕೈಯಲ್ಲಿದ್ದ ಕಾಗದದ ಪೊಟ್ಟಣ ಹಿಡಿದೇ ಪೆಚ್ಚಾದಳು. "ನಾನೇನೂ ಊರಿಗೆಲ್ಲ ಹೇಳಲಿಲ್ಲ ಅಜ್ಜಿ..." ಎಂದಳು.

"ಹೇಳಿದ್ರೂ ತಪ್ಪಿಲ್ಲ ಬಿಡು. ಇದನ್ನೂ ಹೇಳು."

"ನಮ್ಮತ್ತೇನ ಒಂದು ಮಾತು ಕೇಳಿ ನೋಡ್ತೀನಿ" ಎಂದಳು ಅವಳು. ಬರುತ್ತೇನೆಂದು ಹೇಳಲಿಲ್ಲ.

ವಾಪಸು ಬರುವಾಗ ಅತ್ತೆ ಮುಂದೆ ನಡೆದಳು. ಬಿಸಿಲಿಗೋ ಏನೋ, ಆಕೆಯ ಹೆಜ್ಜೆ ಎಂದಿಗಿಂತ ಭಾರವಾಗಿತ್ತು. ಸೊಸೆ ಒಂದು ಹೆಜ್ಜೆ ಹಿಂದೆಯೇ ನಡೆದಳು.

"ನಿನ್ನೆಯೇ ಗೊತ್ತಾಗಿತ್ತಲ್ಲ ನಿಂಗೆ. ಯಾಕೆ ಬಾಯಿ ಬಿಡಲಿಲ್ಲ?"

"ಹೇಗೆ ಹೇಳ್ಲಿ ಅತ್ತೆ? ನೀವು ಮೂಲೆ ಉಜ್ಜುತ್ತಾ ಕೂತಿದ್ರಿ."

"ಇವತ್ತು ನಾನು ನಾಯೀನ ಗಾಡಿ ಹತ್ತಿಸಿಬಿಟ್ಟಿದ್ರೆ?"

"ಗಾಡಿ ಮುಂದೆ ಅಡ್ಡ ಮಲಗಿ ಊರಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದೆ."

ಅತ್ತೆ ನಿಂತಳು. ತಿರುಗಿ ಅವಳ ಮುಖ ನೋಡಿದಳು. ಆಮೇಲೆ ಆಕೆಯ ಹೊಟ್ಟೆಯೊಳಗಿಂದ ಒಂದು ನಗು ಹೊರಟು, ಅದು ಕೆಮ್ಮಾಗಿ, ಕಣ್ಣಲ್ಲಿ ನೀರು ತರಿಸಿತು. ಸೆರಗಿನಿಂದ ಒರೆಸಿಕೊಂಡಳು.

"ಇನ್ಮೇಲೆ ಗಾಡಿ ಬರೋವರೆಗೂ ಕಾಯಬೇಡ" ಎಂದಳು. "ಮೊದಲೇ ಕೂಗು."